ಸೇತುವೆ ಮೇಲೇರಿತು, ಬಸ್ಸಿನ ದಾರಿ ಎಲ್ಲಿ?

ಕೊಯಮತ್ತೂರಿನ ಅವಿನಾಶಿ ರಸ್ತೆಯ ಮೇಲ್ಸೇತುವೆ 2025ರ ಅಕ್ಟೋಬರ್ 9ರಂದು ಸಂಚಾರಕ್ಕೆ ತೆರೆಯಿತು. ಉಪ್ಪಿಲಿಪಾಳ್ಯದಿಂದ ಗೋಲ್ಡ್‌ವಿನ್ಸ್ ತನಕ ಅದರ ಉದ್ದ 10.1 ಕಿ.ಮೀ.; ವೆಚ್ಚ 1,791 ಕೋಟಿ ರೂಪಾಯಿ. 2020ರ ಕೊನೆಯಲ್ಲಿ ಆರಂಭವಾದ ಕಾಮಗಾರಿ ಮುಗಿಯುವಷ್ಟರಲ್ಲಿ ಸುಮಾರು ಐದು ವರ್ಷ ಧೂಳು ಕುಡಿದಿದ್ದ ನಗರಕ್ಕೆ ಅಂದು ಸಮಾಧಾನವಾದದ್ದು ಸಹಜವೇ.

ಮರುತಿಂಗಳೇ ಇನ್ನೊಂದು ಸುದ್ದಿ ಬಂತು. ಅದೇ ನಗರಕ್ಕೆ 39 ಕಿ.ಮೀ. ಮೆಟ್ರೋ ರೈಲು ಬೇಕೆಂದು ತಮಿಳುನಾಡು ಸರಕಾರವು ಕಳುಹಿಸಿದ್ದ 10,740 ಕೋಟಿ ರೂಪಾಯಿಯ ಯೋಜನಾ ವರದಿಯನ್ನು ಕೇಂದ್ರ ಸರಕಾರ ಹಿಂದಿರುಗಿಸಿತು. 2017ರ ಮೆಟ್ರೋ ನೀತಿಯಂತೆ ಇಪ್ಪತ್ತು ಲಕ್ಷ ಜನಸಂಖ್ಯೆ ಇರಬೇಕು. 2011ರ ಜನಗಣತಿಯ ಪ್ರಕಾರ ಕೊಯಮತ್ತೂರು ನಗರಪಾಲಿಕೆಯ ವ್ಯಾಪ್ತಿಯಲ್ಲಿ ಅಷ್ಟು ಜನ ಇಲ್ಲ ಎಂಬುದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು. ಹದಿನಾಲ್ಕು ವರ್ಷ ಹಳೆಯ ಲೆಕ್ಕ ಹಿಡಿದು ಇಂದಿನ ನಗರವನ್ನು ಅಳೆಯುವುದು ಎಷ್ಟರ ಮಟ್ಟಿಗೆ ನ್ಯಾಯ ಎಂದು ಅಲ್ಲಿನವರು ಕೇಳಿದರು. ರಾಜಕೀಯ ಪಕ್ಷಗಳು ಪರಸ್ಪರ ಬೊಟ್ಟು ತೋರಿಸಿದವು. ಪತ್ರಿಕೆಗಳಲ್ಲಿ ಹೇಳಿಕೆಗಳ ಸುರಿಮಳೆಯಾಯಿತು.

ಒಂದು ತಿಂಗಳು ಸೇತುವೆ ಬಂತು, ಮರುತಿಂಗಳು ಮೆಟ್ರೋ ಹೋಯಿತು. ಈ ಎರಡರ ಗದ್ದಲದ ನಡುವೆ ಒಂದು ಸಣ್ಣ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ. ದಿನ ಬೆಳಗಾದರೆ ರಸ್ತೆ ಬದಿಯಲ್ಲಿ ನಿಂತು ಬಸ್ಸು ಕಾಯುವವರ ಪಾಡೇನು?

ಕಾಸರಗೋಡಿನಲ್ಲಿ ಕುಳಿತ ನಮಗೆ ಕೊಯಮತ್ತೂರಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. 1956ರ ನವೆಂಬರ್ 1ರ ತನಕ ನಮ್ಮ ತಾಲೂಕೂ ಕೊಯಮತ್ತೂರು ಜಿಲ್ಲೆಯೂ ಒಂದೇ ಮದರಾಸು ರಾಜ್ಯದಲ್ಲಿದ್ದವು. ಇಂದಿಗೂ ಮಂಗಳೂರಿನಿಂದ ಕಾಸರಗೋಡಿನ ಮೂಲಕ ಕೊಯಮತ್ತೂರಿಗೆ ನೇರ ರೈಲಿದೆ. ಆಸ್ಪತ್ರೆಗೆಂದೋ ಮಕ್ಕಳ ಕಾಲೇಜಿಗೆಂದೋ ಆ ರೈಲು ಹತ್ತುವವರು ನಮ್ಮಲ್ಲಿ ಕಡಿಮೆಯಿಲ್ಲ. ಇದಕ್ಕಿಂತ ಮುಖ್ಯವಾಗಿ, ಕೊಯಮತ್ತೂರು, ಪೊಳ್ಳಾಚಿ, ಉಡುಮಲಪೇಟೆಗಳ ಸೀಮೆಯಲ್ಲಿ ದೇವಾಂಗ ನೇಕಾರರು, ಒಕ್ಕಲಿಗ ಗೌಡರು ತಲೆಮಾರುಗಳಿಂದ ನೆಲೆಸಿದ್ದಾರೆ. ಶಾಲೆಯಲ್ಲಿ ತಮಿಳು ಕಲಿತು ಮನೆಯಲ್ಲಿ ಕನ್ನಡವಾಡುವ ಮಂದಿ ಅವರು. ಅವರೂ ನಮ್ಮವರೇ. ಅವರ ಮಗ್ಗದ ಸೀರೆ ಪೇಟೆ ಸೇರಬೇಕಾದರೆ, ಅವರ ಹೆಣ್ಣು ಮಕ್ಕಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದರೆ, ಬಸ್ಸೇ ಗತಿ. ಇನ್ನೊಂದು ಕಾರಣವೂ ಇದೆ. ನಮ್ಮದೇ ಮನೆಯಂಗಳದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಅದೇ ಪಾಠವನ್ನು ನಮಗೂ ಕಲಿಸತೊಡಗಿದೆ. ಆ ಮಾತು ಮುಂದೆ.

ಬಸ್ಸಿನವರ ಹೆಸರು, ಬಸ್ಸಿಲ್ಲದ ಸೇತುವೆ

ಹೊಸ ಮೇಲ್ಸೇತುವೆಗೆ ಜಿ.ಡಿ. ನಾಯ್ಡು ಅವರ ಹೆಸರನ್ನಿಟ್ಟಿದ್ದಾರೆ. ಹೆಸರಿನ ಆಯ್ಕೆ ಯೋಗ್ಯವಾದುದೇ. ಯಂತ್ರಗಳ ಸಂಶೋಧಕರೆಂದು, ಕೊಯಮತ್ತೂರಿನ ಕೈಗಾರಿಕೆಗೆ ಬುನಾದಿ ಹಾಕಿದವರಲ್ಲಿ ಒಬ್ಬರೆಂದು ಅವರನ್ನು ನಾಡು ಬಲ್ಲುದು. ಆದರೆ ಅವರ ಉದ್ಯಮ ಜೀವನ ಆರಂಭವಾದದ್ದು ಯಾವುದರಿಂದ? ಬಸ್ಸಿನಿಂದ! 1920ರಲ್ಲಿ ಒಂದೇ ಒಂದು ಮೋಟಾರು ಗಾಡಿಯನ್ನು ಕೊಂಡು ಪೊಳ್ಳಾಚಿಗೂ ಪಳನಿಗೂ ನಡುವೆ ಓಡಿಸಿದರು. ಆ ದಾರಿಯಲ್ಲಿ ಸಿಗುವ ಉಡುಮಲಪೇಟೆ ಇಂದು ತಿರುಪ್ಪೂರು ಜಿಲ್ಲೆಗೆ ಸೇರಿದೆ. ಅವರ ‘ಯುನಿವರ್ಸಲ್ ಮೋಟಾರ್ ಸರ್ವಿಸ್’ ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಹೆಸರಾಂತ ಬಸ್ಸು ಸಂಸ್ಥೆಯಾಗಿ ಬೆಳೆಯಿತು.

ಅಂಥ ಬಸ್ಸಿನವರ ಹೆಸರನ್ನು ಹೊತ್ತ ಸೇತುವೆಯ ಮೇಲೆ ಒಂದೇ ಒಂದು ಬಸ್ಸು ತಂಗುದಾಣವಿಲ್ಲ. ಇರುವುದಕ್ಕೂ ಸಾಧ್ಯವಿಲ್ಲ, ಅದು ಹಾರಿಹೋಗುವವರಿಗಾಗಿ ಕಟ್ಟಿದ ದಾರಿ. ವಿಮಾನ ನಿಲ್ದಾಣಕ್ಕೆ ಹೋಗುವವರು ಮೇಲಿನಿಂದ ಹೋಗುತ್ತಾರೆ. ದಾರಿಯುದ್ದಕ್ಕೂ ಹತ್ತುವ, ಇಳಿಯುವ, ಆಸ್ಪತ್ರೆಗೆ ಕಾಲೇಜಿಗೆ ಕಾರ್ಖಾನೆಗೆ ಹೋಗುವ ಜನ ಕೆಳಗಿನ ರಸ್ತೆಯಲ್ಲಿ, ಕಂಬಗಳ ಬದಿಯಲ್ಲಿ, ಕಾರು, ಆಟೋ, ದ್ವಿಚಕ್ರಗಳ ಸಂದಣಿಯಲ್ಲಿ ಸಿಕ್ಕ ಬಸ್ಸಿಗಾಗಿ ಕಾಯುತ್ತಾರೆ.

ಸೇತುವೆ ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ದೂರ ಹೋಗುವ ವಾಹನಗಳನ್ನು ಮೇಲಕ್ಕೆ ಎತ್ತಿದ್ದರಿಂದ ಕೆಳಗಿನ ರಸ್ತೆಯ ಒತ್ತಡ ತುಸು ಇಳಿದಿರಲೇಬೇಕು. ಹಾಗೆ ಕೆಳಗೆ ತೆರವಾದ ಜಾಗ ಯಾರಿಗೆ ಸೇರಬೇಕು? ಇನ್ನಷ್ಟು ಕಾರುಗಳಿಗೋ, ಬಸ್ಸಿಗೋ? ಇದಕ್ಕೆ ಉತ್ತರವನ್ನು ಈಗಲೇ ಕೊಡದಿದ್ದರೆ ಕಾರುಗಳೇ ಬಂದು ಜಾಗ ಹಿಡಿದು ಉತ್ತರ ಕೊಟ್ಟುಬಿಡುತ್ತವೆ. ಅಗಲ ಮಾಡಿದ ರಸ್ತೆ ಮತ್ತೆ ತುಂಬಿಕೊಳ್ಳುವುದನ್ನು ಯಾವ ಊರು ಕಂಡಿಲ್ಲ?

ಬಸ್ ಪಥವೆಂದರೇನು?

ಬಸ್ಸಿಗೆಂದೇ ಒಂದು ಪಥವನ್ನು ಕಾದಿರಿಸುವ ವಿಚಾರ ಹೊಸತಲ್ಲ. ಬ್ರೆಜಿಲ್ ದೇಶದ ಕುರಿತಿಬಾ ನಗರವು 1974ರಲ್ಲಿಯೇ ಇದನ್ನು ಮಾಡಿ ತೋರಿಸಿತು. ರೈಲಿಗೆ ಹಣವಿಲ್ಲ, ಆದರೆ ರೈಲಿನ ಗುಣ ಬಸ್ಸಿಗೆ ಬರಬೇಕು. ಇಷ್ಟೇ ಅದರ ತತ್ತ್ವ. ಬೇರೆ ವಾಹನ ನುಗ್ಗದ ಪ್ರತ್ಯೇಕ ಪಥ, ಹತ್ತುವ ಮೊದಲೇ ನಿಲ್ದಾಣದಲ್ಲಿ ಟಿಕೆಟು, ಬಸ್ಸಿನ ನೆಲಕ್ಕೆ ಸಮನಾದ ಎತ್ತರದ ಜಗಲಿ, ನಿಶ್ಚಿತ ಅವಧಿಗೊಂದು ಬಸ್ಸು. ಕೈಗೂಸು ಎತ್ತಿಕೊಂಡ ತಾಯಿಯೂ ಕೋಲೂರಿ ನಡೆಯುವ ಅಜ್ಜನೂ ಮೆಟ್ಟಲೇರುವ ಕಷ್ಟವಿಲ್ಲದೆ ಒಳಗೆ ಕಾಲಿಡಬಹುದು.

ನಮ್ಮ ದೇಶದಲ್ಲಿ ಪುಣೆ 2006ರಲ್ಲಿ ಇದರ ಪ್ರಯೋಗ ಮಾಡಿತು. ಅಹಮದಾಬಾದ್ 2009ರಲ್ಲಿ ಆರಂಭಿಸಿ ಮುಂದುವರಿಸಿತು. ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಕಾಲದಲ್ಲಿ ಕೊಯಮತ್ತೂರಿನಲ್ಲೂ ಇದರ ಪ್ರಸ್ತಾಪ ಬಂದಿತ್ತು. ಅದು ಕಾಗದದಿಂದ ನೆಲಕ್ಕಿಳಿಯಲಿಲ್ಲ.

ಕನ್ನಡನಾಡಿನಲ್ಲಿ ನೆಲಕ್ಕಿಳಿದದ್ದು ಹುಬ್ಬಳ್ಳಿ-ಧಾರವಾಡದಲ್ಲಿ. ಅವಳಿ ನಗರಗಳ ನಡುವೆ 22 ಕಿ.ಮೀ.ಗೆ ತುಸು ಹೆಚ್ಚು ಉದ್ದದ ಪಥ, ವಿಶ್ವಬ್ಯಾಂಕಿನ ನೆರವು, ಸುಮಾರು 970 ಕೋಟಿ ರೂಪಾಯಿಯ ಯೋಜನೆ. ಹೊಸೂರು, ಉಣಕಲ್ಲು, ನವನಗರ, ರಾಯಾಪುರ, ಸತ್ತೂರು, ನವಲೂರುಗಳನ್ನು ದಾಟಿ ಧಾರವಾಡ ಮುಟ್ಟುವ ಈ ಹಾದಿಯಲ್ಲಿ ಓಡುವ ಹವಾನಿಯಂತ್ರಿತ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟರು. ಆ ಕಡೆಯ ಮಾತಿನಲ್ಲಿ ಚಿಗರಿಯೆಂದರೆ ಜಿಂಕೆ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಡಾಟ. 2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆ.

ಆದರೆ ಆ ಜಿಂಕೆ ಓಡತೊಡಗುವ ಮೊದಲು ಆಮೆಯಂತೆ ತೆವಳಿತೆಂಬುದನ್ನು ಮರೆಯುವಂತಿಲ್ಲ. ಭೂಸ್ವಾಧೀನ, ಕಟ್ಟಡಗಳ ತೆರವು, ರಸ್ತೆ ಬದಿಯ ಹಳೆಯ ಮರಗಳ ನಾಶ, ಗುತ್ತಿಗೆದಾರರ ವಿಳಂಬ ಎಂದು ಅವಳಿ ನಗರದ ಜನ ವರ್ಷಗಟ್ಟಲೆ ಅಗೆದ ರಸ್ತೆಯಲ್ಲಿ ಓಡಾಡಿದರು. ಬಸ್ಸು ಓಡತೊಡಗಿದ ಮೇಲೆ ಪ್ರಯಾಣ ಚುರುಕಾಯಿತು, ಜನ ಮೆಚ್ಚಿದರು. ಬಳಿಕ ಮಳೆ ಬಂದರೆ ನೀರು ನಿಲ್ಲುತ್ತದೆ, ಪಕ್ಕದ ರಸ್ತೆಯಲ್ಲಿ ಇತರ ವಾಹನಗಳಿಗೆ ಇಕ್ಕಟ್ಟು, ನಿಲ್ದಾಣಗಳ ನಿರ್ವಹಣೆ ಸಡಿಲ ಎಂಬ ದೂರುಗಳು ಬಂದವು. ಪಥವನ್ನೇ ತೆಗೆದುಹಾಕಿ ಎಂಬ ಕೂಗೂ ಎದ್ದಿತು. ಬದಲಿಗೆ ವಿದ್ಯುತ್ತಿನಿಂದ ಓಡುವ ಹೊಸ ಬಗೆಯ ವಾಹನ ತರುವ ಮಾತೂ ಆಯಿತು. ಮಾಡಿದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದಕ್ಕಿಂತ ಹೊಸತೊಂದನ್ನು ಘೋಷಿಸುವುದು ನಮ್ಮ ಆಡಳಿತಗಾರರಿಗೆ ಯಾವಾಗಲೂ ಸುಲಭ.

ಲೆಕ್ಕ ಹಾಕಿ ನೋಡೋಣ

ಕಿ.ಮೀ. ಒಂದಕ್ಕೆ ಎಷ್ಟು ಬಿತ್ತೆಂದು ಭಾಗಿಸಿ ನೋಡಿದರೆ, ಕೊಯಮತ್ತೂರಿನವರು ಕೇಳಿದ ಮೆಟ್ರೋ ಸುಮಾರು 275 ಕೋಟಿ. ಕಟ್ಟಿದ ಮೇಲ್ಸೇತುವೆ ಸುಮಾರು 177 ಕೋಟಿ. ಹುಬ್ಬಳ್ಳಿ-ಧಾರವಾಡದ ಬಸ್ ಪಥ ಸುಮಾರು 44 ಕೋಟಿ. ಇವು ಬೇರೆಬೇರೆ ವರ್ಷಗಳ ಬೆಲೆಗಳು, ಬೇರೆಬೇರೆ ಬಗೆಯ ಕೆಲಸಗಳು. ತಕ್ಕಡಿಯಲ್ಲಿಟ್ಟು ಸರಿಯಾಗಿ ತೂಗಲು ಬಾರದು. ಆದರೂ ಇವುಗಳ ನಡುವಿನ ಅಂತರವೆಷ್ಟೆಂಬುದು ಯಾರಿಗಾದರೂ ತಿಳಿಯುತ್ತದೆ.

ಇನ್ನೊಂದು ಲೆಕ್ಕ. ಬಸ್ಸಿನ ಪಥ ಖಾಲಿ ಬಿದ್ದಿದೆ, ನಾವು ಪಕ್ಕದಲ್ಲಿ ಸಿಕ್ಕಿಬಿದ್ದಿದ್ದೇವೆ ಎಂಬುದು ಕಾರಿನವರ ಸಾಮಾನ್ಯ ದೂರು. ನಿಮಿಷಕ್ಕೊಂದು ಬಸ್ಸು, ಬಸ್ಸಿನಲ್ಲಿ ಐವತ್ತು ಜನ ಎಂದಿಟ್ಟುಕೊಳ್ಳಿ. ಗಂಟೆಗೆ ಮೂರು ಸಾವಿರ ಜನ ಸಾಗಿದರು. ಪಕ್ಕದ ಪಥದಲ್ಲಿ ಗಂಟೆಗೆ ಸಾವಿರ ಕಾರು ಹೋಗಿ, ಒಂದೊಂದರಲ್ಲಿ ಸರಾಸರಿ ಒಂದೂವರೆ ಮಂದಿ ಇದ್ದರೂ ಸಾಗಿದ್ದು ಒಂದೂವರೆ ಸಾವಿರ ಜನ ಮಾತ್ರ. ಖಾಲಿಯಾಗಿ ಕಾಣುವ ಪಥ ಇಮ್ಮಡಿ ಜನರನ್ನು ಸಾಗಿಸುತ್ತದೆ. ತುಂಬಿ ತುಳುಕುವ ಪಥ ಅರ್ಧದಷ್ಟನ್ನು. ರಸ್ತೆ ಇರುವುದು ಜನ ಸಾಗಲಿಕ್ಕೆ ಹೊರತು ಕಬ್ಬಿಣದ ಪೆಟ್ಟಿಗೆಗಳು ಸಾಗಲಿಕ್ಕಲ್ಲ.

ಆದರೆ ಈ ಲೆಕ್ಕದಲ್ಲಿ ‘ನಿಮಿಷಕ್ಕೊಂದು ಬಸ್ಸು’ ಎಂಬ ಮಾತೇ ಪ್ರಾಣ. ಪಥ ಕಟ್ಟಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಟ್ಟರೆ ಅದು ನಿಜಕ್ಕೂ ಖಾಲಿಯೇ. ಆಗ ಕಾರಿನವರ ದೂರು ನ್ಯಾಯವಾಗುತ್ತದೆ.

ಈ ಎಚ್ಚರಿಕೆ ಸುಮ್ಮನೆ ಹೇಳಿದ್ದಲ್ಲ. ದೆಹಲಿ 2008ರಲ್ಲಿ ಕಟ್ಟಿದ ಬಸ್ ಪಥವನ್ನು 2016ರಲ್ಲಿ ಒಡೆಯಿತು. ಭೋಪಾಲ 2024ರಲ್ಲಿ ಒಡೆಯತೊಡಗಿತು. ಬಹಳ ಕಾಲ ಚೆನ್ನಾಗಿ ನಡೆಯುತ್ತದೆಂದು ಹೊಗಳಿಸಿಕೊಂಡಿದ್ದ ಇಂದೂರಿನಲ್ಲೂ 2025ರಲ್ಲಿ ಅದನ್ನು ಕೀಳುವ ತೀರ್ಮಾನವಾಯಿತು. ಇದನ್ನು ಕಂಡು ‘ನಮ್ಮ ದೇಶಕ್ಕೆ ಇದು ಹೇಳಿದ್ದಲ್ಲ’ ಎನ್ನುವವರಿದ್ದಾರೆ. ಆದರೆ ದೆಹಲಿಯ ಪಥ ಆರು ಕಿ.ಮೀ. ಕೂಡ ಇರಲಿಲ್ಲ. ಅರ್ಧ ತೋಡಿದ ಬಾವಿಯಲ್ಲಿ ನೀರು ಸಿಗಲಿಲ್ಲವೆಂದು ಭೂಮಿಯನ್ನು ದೂರಿದಂತಾಯಿತು ಇದು. ಅಹಮದಾಬಾದ್ ಪಥದ ಬಳಿಕ ಪಥ ಜೋಡಿಸುತ್ತ ಜಾಲವನ್ನು ಬೆಳೆಸಿತು, ಉಳಿಯಿತು. ತುಂಡು ತುಂಡಾಗಿ ಕಟ್ಟಿ, ಕಾವಲಿಲ್ಲದೆ ಬಿಟ್ಟು, ಬಸ್ಸು ಕೊಳ್ಳದೆ ಕುಳಿತವರು ಸೋತರು.

ಕೊಯಮತ್ತೂರು ಏನು ಮಾಡಬಹುದು?

2017ರ ಮೆಟ್ರೋ ನೀತಿಯಲ್ಲಿ ಜನಸಂಖ್ಯೆಯ ಮಾತೊಂದೇ ಇರುವುದಲ್ಲ. ಮೆಟ್ರೋ ಕೇಳುವ ಮೊದಲು ಬಸ್ ಪಥ, ಟ್ರಾಮು ಮೊದಲಾದ ಇತರ ದಾರಿಗಳನ್ನೂ ತೂಗಿ ನೋಡಬೇಕೆಂಬ ಮಾತೂ ಅದರಲ್ಲಿದೆ. ಹಾಗಿರುವಾಗ ಮೆಟ್ರೋ ಬರುವ ತನಕ ಕೈಕಟ್ಟಿ ಕೂರುವುದು ಜಾಣತನವಲ್ಲ. ಮೆಟ್ರೋ ಎಂದಾದರೂ ಬರಲಿ. ಅದಕ್ಕೂ ಬಸ್ಸೇ ಜನರನ್ನು ತಂದು ಮುಟ್ಟಿಸಬೇಕು.

ಅವಿನಾಶಿ ರಸ್ತೆಯಲ್ಲಿ ಹುಬ್ಬಳ್ಳಿಯಂತೆ ನಡುವೆ ಬಸ್ ಪಥ ಮಾಡುವುದು ಕಷ್ಟ. ಅಲ್ಲಿ ಸೇತುವೆಯ ಕಂಬಗಳು ನಿಂತಿವೆ. ಹಾಗಾದರೆ ರಸ್ತೆಯ ಅಂಚಿನ ಒಂದೊಂದು ಪಥವನ್ನು, ಕನಿಷ್ಠ ಬೆಳಗ್ಗೆ ಮತ್ತು ಸಂಜೆಯ ದಟ್ಟಣೆಯ ಹೊತ್ತಿಗಾದರೂ, ಬಸ್ಸಿಗೆ ಬಿಡಬಹುದು. ಅದಕ್ಕೆ ಬೇಕಾದದ್ದು ಬಣ್ಣ, ತಡೆಗಂಬ, ಪೊಲೀಸರ ಕಾವಲು ಮತ್ತು ಅಂಗಡಿ ಮುಂದೆ ಕಾರು ನಿಲ್ಲಿಸುವವರನ್ನು ಎದುರುಹಾಕಿಕೊಳ್ಳುವ ಧೈರ್ಯ. ಮೊದಲ ಮೂರು ಪೇಟೆಯಲ್ಲಿ ಸಿಗುತ್ತವೆ. ನಾಲ್ಕನೆಯದು ಸಿಗುವುದಿಲ್ಲ.

ಎರಡನೆಯದು ಬಸ್ಸು ನಿಲ್ದಾಣಗಳ ವಿಚಾರ. ಕೊಯಮತ್ತೂರಿನಲ್ಲಿ ಗಾಂಧಿಪುರಂ, ಸಿಂಗಾನಲ್ಲೂರು, ಉಕ್ಕಡಂ ಎಂದು ದಿಕ್ಕಿಗೊಂದು ನಿಲ್ದಾಣ. ಇವನ್ನು ಒಗ್ಗೂಡಿಸಲು ವೆಳ್ಳಲೂರಿನಲ್ಲಿ 168 ಕೋಟಿ ರೂಪಾಯಿ ಅಂದಾಜಿನ ದೊಡ್ಡ ನಿಲ್ದಾಣವೊಂದರ ಕೆಲಸ 2020ರಲ್ಲಿ ಆರಂಭವಾಗಿ ಅರ್ಧಕ್ಕೆ ನಿಂತು ವರ್ಷಗಟ್ಟಲೆ ಹಾಗೆಯೇ ಬಿತ್ತು. ಅದೇ ವರ್ಷ ಆರಂಭವಾದ ಮೇಲ್ಸೇತುವೆ, ನಡುವೆ ಸರಕಾರ ಬದಲಾದರೂ ನಿಲ್ಲದೆ, ಮುಗಿದು ಉದ್ಘಾಟನೆಯಾಯಿತು. ಕಾರಿನ ಸೇತುವೆಗೆ ಸಿಕ್ಕ ಈ ನಿರಂತರತೆ ಬಸ್ಸು ನಿಲ್ದಾಣಕ್ಕೆ ಏಕೆ ಸಿಗಲಿಲ್ಲ? ನಿಲ್ದಾಣದ ಜಾಗ ಸರಿಯಿತ್ತೋ ಇಲ್ಲವೋ ಎಂಬ ವಾದ ಬೇರೆ. ಹಾಕಿದ ಹಣ ಮಳೆಗೆ ನೆನೆದದ್ದಂತೂ ನಿಜ.

ಮೂರನೆಯದು ತಿರುಪ್ಪೂರು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಊರು ಕೊಯಮತ್ತೂರಿನಿಂದ ಸುಮಾರು 50 ಕಿ.ಮೀ. ದೂರ. ದೇಶದಿಂದ ಹೊರಹೋಗುವ ಹೆಣಿಗೆ ಉಡುಪಿನ ಅರ್ಧಕ್ಕೂ ಹೆಚ್ಚು ಪಾಲು ಇಲ್ಲಿಂದ ಹೋಗುತ್ತದೆ. ಹೊಲಿಯುವ ಕೈಗಳು ದೂರದ ಊರುಗಳಿಂದ ಬರುತ್ತವೆ. ಕೆಲವರನ್ನು ಕಂಪೆನಿಯ ವ್ಯಾನುಗಳು ತರುತ್ತವೆ, ಉಳಿದವರು ಬಸ್ಸು ಹಿಡಿಯುತ್ತಾರೆ ಇಲ್ಲವೇ ಸಾಲ ಮಾಡಿ ದ್ವಿಚಕ್ರ ಕೊಳ್ಳುತ್ತಾರೆ. ಬಸ್ಸಿನ ಪಥ ಮಾಡಿದರೆ ಈ ದ್ವಿಚಕ್ರದವರಿಗೆ ತೊಂದರೆಯಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅವರಲ್ಲಿ ಎಷ್ಟೋ ಜನ ದ್ವಿಚಕ್ರ ಕೊಂಡದ್ದು ಚಪಲಕ್ಕಲ್ಲ, ಬಸ್ಸು ಹೊತ್ತಿಗೆ ಬಾರದ ಕಾರಣಕ್ಕೆ. ತಡವಾಗಿ ಮುಟ್ಟಿದರೆ ಕೂಲಿ ಕಡಿತ. ಪೆಟ್ರೋಲಿಗೆ ಸುರಿದರೆ ಕೂಲಿಯ ಒಂದು ಪಾಲು ಹೊಗೆ. ಬಸ್ಸು ಹೇಳಿದ ಹೊತ್ತಿಗೆ ಬಂದರೆ ಅದೇ ಅವರಿಗೆ ಸಂಬಳ ಹೆಚ್ಚಿಸಿದಂತೆ.

ಹೆಂಗಸರ ವಿಚಾರ ಇನ್ನೂ ಸ್ಪಷ್ಟ. 2021ರ ಮೇ ತಿಂಗಳಲ್ಲಿ ತಮಿಳುನಾಡು ಸರಕಾರವು ಸಾಮಾನ್ಯ ದರದ ಪಟ್ಟಣ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿಲ್ಲದ ಪ್ರಯಾಣವನ್ನು ಜಾರಿಗೆ ತಂದಿತು. ಕರ್ನಾಟಕ 2023ರ ಜೂನ್‌ನಲ್ಲಿ ಅದೇ ಹಾದಿ ಹಿಡಿಯಿತು. ಒಳ್ಳೆಯ ಕೆಲಸ. ಆದರೆ ಟಿಕೆಟು ಉಳಿಸಿಕೊಟ್ಟ ಸರಕಾರ ಹೊತ್ತನ್ನೂ ಉಳಿಸಿಕೊಡಬೇಡವೇ? ಸಂಜೆ ಅರ್ಧ ಗಂಟೆ ಮೊದಲು ಮನೆ ಮುಟ್ಟಿದರೆ ಮಕ್ಕಳ ಓದಿಗೆ, ಒಲೆಗೆ, ತುಸು ವಿಶ್ರಾಂತಿಗೆ ಆ ಹೊತ್ತು ಒದಗುತ್ತದೆ. ಹಣವಿದ್ದವರು ಸೇತುವೆಯ ಮೇಲೆ ಹೊತ್ತನ್ನು ಕೊಂಡುಕೊಂಡರು. ಇಲ್ಲದವರಿಗೆ ಅದನ್ನು ಕೊಡಬಲ್ಲದ್ದು ಬಸ್ಸಿನ ಪಥ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಸುಲಭವಾಗಿ ಅರ್ಥವಾಗುವ ಇನ್ನೊಂದು ಅಂಶವಿದೆ. ಬಸ್ಸಿನ ಹಣೆಯ ಮೇಲಿನ ಬೋರ್ಡು ತನಗೆ ಓದಲು ಬಾರದ ಲಿಪಿಯಲ್ಲಿದ್ದರೆ ಮನುಷ್ಯ ಎಷ್ಟು ಕುಗ್ಗಿಹೋಗುತ್ತಾನೆಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಪ್ಪೂರಿಗೆ ದುಡಿಯಲು ಬಂದ ಒಡಿಯಾ, ಬಿಹಾರಿ ಕೂಲಿಕಾರನೂ ತಮಿಳು ಬೋರ್ಡಿನ ಮುಂದೆ ಹಾಗೆಯೇ ನಿಲ್ಲುತ್ತಾನೆ. ನಿಶ್ಚಿತ ನಿಲ್ದಾಣ, ದೊಡ್ಡ ಅಂಕೆಯ ಮಾರ್ಗಸಂಖ್ಯೆ, ಮುಂದಿನ ನಿಲ್ದಾಣವನ್ನು ಕೂಗಿ ಹೇಳುವ ಏರ್ಪಾಡು ಇರುವ ಪಥದಲ್ಲಿ ಓದಲು ಬಾರದವನೂ ಯಾರನ್ನೂ ಅಂಗಲಾಚದೆ ಪ್ರಯಾಣ ಮಾಡಬಹುದು. ಇದಕ್ಕೆ ತಗಲುವ ಖರ್ಚು ಒಂದು ಕಂಬದ ಖರ್ಚೂ ಅಲ್ಲ.

ನಮ್ಮೂರಿನ ಪಾಠ

ಈಗ ನಮ್ಮ ಹೆದ್ದಾರಿಯತ್ತ ತಿರುಗೋಣ. ತಲಪಾಡಿಯಿಂದ ಚೆಂಗಳದ ತನಕ, ಅಲ್ಲಿಂದಾಚೆಗೂ, ರಸ್ತೆ ಆರು ಪಥವಾಗಿದೆ. ಕಾಸರಗೋಡು ಪೇಟೆಯಲ್ಲಿ ಮೇಲ್ಸೇತುವೆ ಎದ್ದಿದೆ. ಹೊರ ಊರಿನ ಕಾರುಗಳಿಗೆ ಇದು ವರದಾನ. ಊರಿನ ಬಸ್ಸಿಗೆ ಸಿಕ್ಕಿದ್ದು ಬದಿಯ ಸರ್ವಿಸ್ ರಸ್ತೆ. ಹಿಂದೆ ಮನೆಯೆದುರು ನಿಂತು ಕೈ ಹಿಡಿದರೆ ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಗೋಡೆಯೆದ್ದಿದೆ. ಆಚೆ ಬದಿಗೆ ಹೋಗಬೇಕಾದರೆ ಅಡಿಸೇತುವೆ ಹುಡುಕಿಕೊಂಡು ನಡೆಯಬೇಕು. ಶಾಲೆಯ ಮಕ್ಕಳಿಗೆ, ಮುದುಕರಿಗೆ ಈ ನಡಿಗೆ ಸಣ್ಣದಲ್ಲ. ಕಾಮಗಾರಿಯ ಪ್ರಗತಿಯನ್ನು ಇಷ್ಟು ಶೇಕಡಾ ಎಂದು ಅಧಿಕಾರಿಗಳು ಹೇಳುತ್ತ ಬಂದರು. ಆ ಶೇಕಡಾದೊಳಗೆ ಬಸ್ಸು ತಂಗುದಾಣದ ಮಾಡು, ರಸ್ತೆ ದಾಟುವ ದಾರಿ, ಮಳೆನೀರಿನ ಚರಂಡಿ ಎಷ್ಟು ಸೇರಿವೆ ಎಂದು ನಾವು ಕೇಳಿದ್ದು ಕಡಿಮೆ.

ಕೊಯಮತ್ತೂರಿನಿಂದ ನಾವು ಕಲಿಯಬೇಕಾದದ್ದೂ ಕೊಯಮತ್ತೂರಿಗೆ ನಾವು ಹೇಳಬೇಕಾದದ್ದೂ ಒಂದೇ. ಕಂಬಗಳೆಷ್ಟು ಎದ್ದವು, ಎಷ್ಟು ಕಿ.ಮೀ. ಮುಗಿಯಿತು, ಎಷ್ಟು ಕೋಟಿ ಖರ್ಚಾಯಿತು ಎಂಬುದು ಗುತ್ತಿಗೆದಾರನ ಲೆಕ್ಕ. ಮನೆಯಿಂದ ಹೊರಟ ಹೆಣ್ಣುಮಗಳು ಕೆಲಸದ ಜಾಗಕ್ಕೆ ಎಷ್ಟು ನಿಮಿಷದಲ್ಲಿ, ಎಷ್ಟು ಸುರಕ್ಷಿತವಾಗಿ ಮುಟ್ಟಿದಳು ಎಂಬುದು ಪ್ರಜೆಗಳ ಲೆಕ್ಕ. ಮೊದಲನೆಯ ಲೆಕ್ಕವನ್ನು ಸರಕಾರಗಳು ಕೇಳದೆಯೇ ಒಪ್ಪಿಸುತ್ತವೆ. ಎರಡನೆಯದನ್ನು ಕೇಳಿ ಪಡೆಯಬೇಕು.

ಪಂಚಾಯತು, ನಗರಸಭೆ, ಜಿಲ್ಲಾಡಳಿತಗಳ ಮುಂದೆ ಈ ಲೆಕ್ಕವನ್ನು ಕೇಳುವ ಸರದಿ ನಮ್ಮದು. ನಮ್ಮ ಊರಿನ ತಂಗುದಾಣ ಎಲ್ಲಿ, ಅದಕ್ಕೆ ಮಾಡು ಯಾವಾಗ, ಅಲ್ಲಿಗೆ ದಾರಿ ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಊರಿನವರೂ ಬರೆದು ಕೊಡಲಿ. ಹೆದ್ದಾರಿಯ ಗುತ್ತಿಗೆದಾರರು ಡೇರೆ ಕಿತ್ತುಕೊಂಡು ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ.